ಆಕಾಶ ಬಂದ್ ಆಗಿದ್ದ ವಾರ

ಮೊನ್ನೆ ಕಪಾಟಿನ ತಳದಿಂದ ಹಳೆಯ ರೇಷ್ಮೆ ಸೀರೆ ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಕುರ್ಲಾದ ಚಾಳಿನ ಪಕ್ಕದ ಖೋಲಿಯ ಅಕ್ಕ ನೆನಪಾದರು...

ಐವತ್ತರ ದಶಕದ ಮಾತು. ನಾನು ಮದುವೆಯಾಗಿ ಮೈಸೂರಿನಿಂದ ಬಂದ ಹೊಸತು. ಅಕ್ಕ ಉಡುಪಿ ಕಡೆಯವರು, ಒಬ್ಬರೇ ಇದ್ದರು. ಗಂಡ ಕಡಲಾಚೆ ಏಡನ್ನಿನ ಹೋಟೆಲಿನಲ್ಲಿ ಅಡುಗೆಯವರು ಎನ್ನುತ್ತಿದ್ದರು. ಚಾಳಿನಲ್ಲಿ ಆ ಗಂಡನನ್ನು ಕಂಡವರಿಲ್ಲ. ನಾನೋ ಹಾಲು ಕೊಂಡರೂ ಬೆರಳದ್ದಿ ನೋಡುವವಳು. ಒಂದು ದಿನ ಇದರ ಗುಟ್ಟು ಹೊರಬಿದ್ದೇ ಬೀಳುತ್ತದೆ ಎಂದು ಕಾದಿದ್ದೆ.

ಹೀಗಿರುವಾಗ, ಗಂಡ ವಿಮಾನದಲ್ಲಿ ಬರುತ್ತಾರೆ, ಹೋಟೆಲಿನ ಯಜಮಾನರೇ ಟಿಕೇಟು ಕೊಡಿಸಿದ್ದಾರೆ ಎಂದು ಅಕ್ಕ ಹೇಳಿದರು. ಟ್ರಂಕಿನಿಂದ ಗಂಡನ ಅಂಗಿ ತೆಗೆದು ಗ್ಯಾಲರಿಯ ಹಗ್ಗಕ್ಕೆ ಹಾಕಿದರು. ನುಸಿಗುಳಿಗೆಯ ವಾಸನೆ ನಮ್ಮ ಒಲೆಯ ತನಕ ಬಂತು. ನಮ್ಮಂಥವರೆಲ್ಲ ಪರದೇಶಕ್ಕೆ ಹೋಗಿಬರುವುದು ಹಡಗಿನಲ್ಲಿ. ಅಡುಗೆಯವನಿಗೆ ವಿಮಾನವೇ? ಗಂಡ ಬರುವ ದಿನ ಬೆಳಿಗ್ಗೆ ಹೂ ಮುಡಿದು ಸಾಂತಾಕ್ರೂಜ್ ವಿಮಾನ ನಿಲ್ದಾಣಕ್ಕೆ ಹೋದ ಅಕ್ಕ ಸಂಜೆ ಒಬ್ಬರೇ ಮರಳಿದರು.

"ವಿಮಾನ ಬರುವುದಿಲ್ಲವಂತೆ ಮಾರಾಯ್ತಿ. ಟವರಿನಲ್ಲಿ ಕೂತು ದಾರಿ ಹೇಳುವವರು ಸ್ಟ್ರೈಕ್ ಮಾಡಿದ್ದಾರಂತೆ. ಅವರು ಹೇಳದೆ ಇಳಿಯಲಿಕ್ಕೆ ಆಗುವುದಿಲ್ಲವಂತೆ."

ಕೊನೆಯ ಖೋಲಿಯ ಗಿರಣಿ ಕೆಲಸಗಾರನ ಹೆಂಡತಿ, ಧಾರವಾಡದ ಕಡೆಯವಳು, ಸೊಂಟಕ್ಕೆ ಕೈಯಿಟ್ಟು ನಿಂತಳು. "ಗಿರಣಿ ಬಂದ್ ಆಗೂದು ನಾ ಕಂಡೇನಿ. ಆಕಾಶ ಹ್ಯಾಂಗ ಬಂದ್ ಆಗತೈತ್ರಿ?"

ನಾನೂ ನಕ್ಕೆ. ನಮ್ಮ ಚಾಳಿನಲ್ಲಿ ಪೇಪರು ತರಿಸುವವರಿರಲಿಲ್ಲ, ಹೊರಗೆ ಕೇಳಿ ತಿಳಿಯುವ ಗೋಜಿಗೂ ಯಾರೂ ಹೋಗಲಿಲ್ಲ. ಮರುದಿನವೂ ಅಕ್ಕ ಹೋದರು, ಬರಿಗೈಯಲ್ಲಿ ಬಂದರು. ಹೀಗೇ ವಾರ ಸರಿಯಿತು. ಗಂಡನೇ ಇಲ್ಲದ ಹೆಂಗಸು ಸುಳ್ಳು ಹೇಳಿ ಖೋಲಿ ಹಿಡಿದಿದ್ದಾಳೆ ಎಂದು ಯಾರೋ ಚಾಳಿನ ಮಾಲೀಕನ ಕಿವಿಗೆ ಊದಿದರು. ಭಾನುವಾರದೊಳಗೆ ಗಂಡ ಬರದಿದ್ದರೆ ಜಾಗ ಖಾಲಿ ಮಾಡಬೇಕು ಎಂದು ಅವನು ಹೇಳಿಹೋದ. ಅಕ್ಕ ಅಳಲಿಲ್ಲ. ಅಂಗಿಯನ್ನು ಮತ್ತೆ ಬಿಸಿಲಿಗೆ ಹಾಕಿದರು. ನಾವು ಅವರ ಬಾಗಿಲನ್ನೇ ಕಾಯುತ್ತ ಕೂತೆವು.

ಶನಿವಾರ ಸಂಜೆ ಚಾಳಿನ ಮೇಲೆ ವಿಮಾನ ಗುಡುಗಿತು. ತಟ್ಟೆ ಲೋಟ ಅದುರಿದವು. ಆಗ ಹೊಳೆಯಿತು... ದಿನವೂ ಕೇಳುತ್ತಿದ್ದ ಆ ಸದ್ದು ವಾರದಿಂದ ಇರಲೇ ಇಲ್ಲ! ಬಾಗಿಲು ಕಾಯುವ ಭರದಲ್ಲಿ ನಮ್ಮಲ್ಲಿ ಒಬ್ಬರ ಗಮನಕ್ಕೂ ಅದು ಬಂದಿರಲಿಲ್ಲ.

ಮರುದಿನ ಅಕ್ಕ ಗಂಡನನ್ನು ಕರೆತಂದರು. ಬಡಕಲು ಮನುಷ್ಯ, ಪ್ರಯಾಣದಿಂದ ಸೋತಿದ್ದರು. ಕೈಯ ಪೆಟ್ಟಿಗೆ ಇಳಿಸಲೂ ಬಿಡದೆ ಅಕ್ಕ ಅವರನ್ನು ಒಂದೊಂದೇ ಬಾಗಿಲಿನ ಮುಂದೆ ನಿಲ್ಲಿಸಿ, "ನೋಡಿಕೊಳ್ಳಿ" ಎಂದರು. ನನ್ನ ಬಾಗಿಲಲ್ಲೂ ಅದೇ ಮಾತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರು ಅತ್ತ ತಿರುಗುವ ಮೊದಲೇ ಧಾರವಾಡದವಳು ಪಿಸುಗುಟ್ಟಿದಳು, "ಇಂವಾ ಖರೇನ ಗಂಡ ಅನ್ನಾಕ ಸಾಕ್ಷಿ ಏನೈತಿ?"

ಅಕ್ಕನಿಗೆ ಅದು ಕೇಳಿಸಿತು. ಇರಿ ಎಂದು ಮಾಲೀಕ ಹೇಳಿದರೂ ನಿಲ್ಲದೆ, ಕೆಲವೇ ದಿನಗಳಲ್ಲಿ ಭಾಂಡುಪ್ ಕಡೆ ಮನೆ ಬದಲಾಯಿಸಿದರು. ಹೊರಡುವಾಗ ವಿಳಾಸ ಕೇಳಿದೆ.

"ಹೇಳಿದ್ರೆ ನೀನು ನಂಬ್ತೀಯಾ?" ಎಂದರು, ಅಷ್ಟೇ.

ಈಗ ನಾನೂ ಭಾಂಡುಪ್‌ನಲ್ಲೇ, ಮಗನ ಫ್ಲಾಟಿನಲ್ಲಿದ್ದೇನೆ. ಅಕ್ಕ ಬದುಕಿರಲಾರರು. ಇಷ್ಟು ವರ್ಷ ಯಾವ ಬೀದಿಯಲ್ಲಿ ಇದ್ದರೋ, ಯಾವಾಗ ಹೋದರೋ... ಕೊನೆಯ ಸಲ ಮುಖ ನೋಡಿ ಬಾ ಎಂದು ನನಗೆ ಯಾರೂ ಹೇಳಿ ಕಳಿಸಲಿಲ್ಲ.