ಕೆರೆ ದೋಣಿಗೆ ಇಂಜಿನ್ನು ಕೂರಿಸಿದ್ದು

ನಮ್ಮವರು ತೀರಿಕೊಳ್ಳುವ ಹಿಂದಿನ ದಿನ ಕೆರೆಯ ದೋಣಿಯಿಂದ ಇಂಜಿನ್ನು ಬಿಚ್ಚಿ ಅಂಗಡಿಗೆ ತಂದರು. ಚಿಂತಾಮಣಿಯಲ್ಲಿ ನಮ್ಮದು ಡೀಸೆಲ್ ಪಂಪ್‌ಸೆಟ್ಟು ರಿಪೇರಿ ಅಂಗಡಿ. ದೋಣಿಯನ್ನು ನಾವಿಬ್ಬರೂ ಅದುವರೆಗೆ ಮುಟ್ಟಿದವರಲ್ಲ. ಎಷ್ಟೋ ವರ್ಷದ ಮೇಲೆ ಊರಾಚೆಯ ಕೆರೆ ತುಂಬಿತ್ತು. ಕೆರೆ ಸಮಿತಿಯ ಅಧ್ಯಕ್ಷರು ನಿವೃತ್ತ ವಿಜ್ಞಾನ ಮೇಷ್ಟ್ರು. ಅವರು ಎಲ್ಲಿಂದಲೋ ಹಳೆಯ ಫೈಬರ್ ದೋಣಿಯೊಂದನ್ನು ತಂದು ಮಕ್ಕಳಿಗೆ ಸುತ್ತು ಹೊಡೆಸುತ್ತಿದ್ದರು. ಇಂಜಿನ್ನು ದೋಣಿಯ ಹೊಟ್ಟೆಯೊಳಗೇ ಇತ್ತು. ಅದು ಹೊಗೆ ಕಾರತೊಡಗಿದಾಗ ನಮ್ಮವರನ್ನು ಕರೆದರು.

ಸಂಜೆ ಇಂಜಿನ್ನನ್ನು ಕಲ್ಲಿನ ಮೇಲೆ ಇಳಿಸಿ, ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಇದೂ ಪಂಪ್‌ಸೆಟ್ಟೇ ಕಣೇ. ನೀರಿನ್ ಮೇಲೆ ಕೂತಿರುತ್ತೆ, ಅಷ್ಟೇ" ಎಂದರು.

"ನಿಮಗೆ ಈಜು ಬರುತ್ತಾ?" ಎಂದು ಕೇಳಿದೆ.

"ನಂಗ್ಯಾಕೆ? ದೋಣಿಗೆ ಬಂದ್ರೆ ಸಾಕು."

ರಾತ್ರಿ ಸಾರಿಗೆ ಉಪ್ಪು ಕಡಿಮೆ ಎಂದು ಗೊಣಗಿಕೊಂಡೇ ಎರಡು ಮುದ್ದೆ ಉಂಡರು. ಬೆಳಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮೂರು ತಿಂಗಳು ಇಂಜಿನ್ನು ಗೋಣಿಚೀಲ ಹೊದ್ದು ಕೂತಿತ್ತು. ಒಂದು ದಿನ ಮೇಷ್ಟ್ರು ಬಂದು, ಕಾಫಿ ಕುಡಿದು, ಗೋಣಿಚೀಲವನ್ನು ಮೂರು ಸಲ ನೋಡಿ, "ಅವಸರ ಏನಿಲ್ಲಮ್ಮ. ಬೆಂಗಳೂರಿಂದ ಯಾರನ್ನಾದ್ರೂ ಕರೆಸ್ಲಾ ಅಂತ..." ಎಂದರು.

"ಬೇಡ ಸಾರ್. ಭಾನುವಾರದೊಳಗೆ ನಾವೇ ಕೂರಿಸಿಕೊಡ್ತೀವಿ" ಎಂದುಬಿಟ್ಟೆ. ನಮ್ಮವರು ಬಿಚ್ಚಿದ್ದನ್ನು ಬೇರೆಯವರು ಮುಚ್ಚಬಾರದು ಎಂಬುದು ನನ್ನ ಹಟ. 'ನಾವು' ಎಂದರೆ ಯಾರು ಎಂಬುದು ಮೇಷ್ಟ್ರು ಹೋದ ಮೇಲೆ ಯೋಚನೆಗೆ ಬಂತು.

ನಮ್ಮವರ ಜೊತೆಯಲ್ಲೇ ಕೆಲಸ ಕಲಿತ ಸ್ನೇಹಿತರೊಬ್ಬರು ಶಿಡ್ಲಘಟ್ಟದಲ್ಲಿದ್ದಾರೆ. ರೇಷ್ಮೆ ನೂಲು ತೆಗೆಯುವ ಮಿಷನ್ನುಗಳ ಮೋಟಾರು ನೋಡಿಕೊಳ್ಳುತ್ತಾರೆ. ನಾನು ಅವರನ್ನು ಭಾಯ್ ಎನ್ನುತ್ತೇನೆ. ಫೋನು ಮಾಡಿದೆ.

"ಅಕ್ಕ, ನಾನು ನೋಡಿರೋ ನೀರೆಲ್ಲ ಗೂಡು ಬೇಯ್ಸೋ ಬಾಣಲೇದು" ಎಂದರು. "ಬರ್ತೀನಿ. ಆದ್ರೆ ದೋಣಿ ಮಾತ್ರ ಹತ್ತಲ್ಲ, ಈಗ್ಲೇ ಹೇಳಿದೀನಿ."

ಇಂಜಿನ್ನಿನ ಒಳಗಿನ ಕೆಲಸ ನಾಲ್ಕು ದಿನದಲ್ಲಿ ಮುಗಿಯಿತು. ಕಷ್ಟವಿದ್ದದ್ದು ಅದನ್ನು ನೇರಕ್ಕೆ ಕೂರಿಸುವುದರಲ್ಲಿ. ಇಂಜಿನ್ನಿನ ಹಿಂಬದಿಗೆ ಒಂದು ಕಬ್ಬಿಣದ ತಟ್ಟೆ, ದೋಣಿಯಡಿ ನೀರು ತಳ್ಳುವ ಫ್ಯಾನು ತಿರುಗಿಸುವ ಉದ್ದನೆಯ ಸರಳಿನ ತುದಿಗೆ ಇನ್ನೊಂದು. ಬೋಲ್ಟು ಹಾಕುವ ಮೊದಲು ಎರಡೂ ಸುತ್ತಲೂ ಒಂದೇ ಸಮ ಮುಖಾಮುಖಿಯಾಗಬೇಕು. ನಡುವಿನ ಸಂದಿಗೆ ಫೀಲರ್ ಗೇಜಿನ ತೆಳ್ಳನೆಯ ಉಕ್ಕಿನ ಎಲೆಗಳನ್ನು ತೂರಿಸಿ ಅಳೆಯುತ್ತಾರೆ. ಎಲ್ಲಿ ಸಂದು ಹೆಚ್ಚಿದೆ ನೋಡಿಕೊಂಡು ಇಂಜಿನ್ನಿನ ಕಾಲಡಿಗೆ ತಗಡಿನ ಚೂರು ಕೊಡುತ್ತಾರೆ. ನಮ್ಮವರ ಬೆರಳು ದಪ್ಪ. ಹಾಗಾಗಿ ಪಂಪ್‌ಸೆಟ್ಟುಗಳಿಗೆ ಎಲೆ ತೂರಿಸುವ ಕೆಲಸ ಮದುವೆಯಾದಾಗಿನಿಂದ ನನ್ನದೇ.

ಭಾನುವಾರ ಬೆಳಗ್ಗೆ ದೋಣಿ ಕೆರೆ ದಡದಲ್ಲಿ, ಹಿಂದೊಂದು ಮುಂದೊಂದು ಕಲ್ಲುದಿಂಡಿನ ಮೇಲೆ ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕಡೆಗೂ ಒಂದೇ ಎಲೆ, ಒಂದೇ ಬಿಗಿ. ಭಾಯ್ ಫೋಟೋ ತೆಗೆದುಕೊಂಡರು. ಮೇಷ್ಟ್ರು ಬೆಳಗ್ಗೆಯಿಂದ ಒಣನೆಲದ ಮೇಲೇ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಓಡಾಡುತ್ತಿದ್ದರು; ಹಾಗೆಯೇ ಕಾಯಿ ಒಡೆದರು. ಜನ ಸೇರಿ ದೋಣಿಯನ್ನು ನೀರಿಗೆ ತಳ್ಳಿದರು. ಮೇಷ್ಟ್ರು ಮುಂದೆ ಕೂತರು, ನಾನು ಇಂಜಿನ್ನು ಚಾಲೂ ಮಾಡಿದೆ.

ದೋಣಿ ಚಳಿಜ್ವರ ಬಂದ ಹಾಗೆ ನಡುಗಿತು. ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಬಂತು, ಕಟ್ಟಿಸಿದ ಹಲ್ಲು ಕಟಕಟ ಎಂದಿತು. ಜೀವಮಾನವೆಲ್ಲ ಕನ್ನಡದಲ್ಲಿ ಪಾಠ ಮಾಡಿದವರು ತೆಲುಗಿನಲ್ಲಿ "ಆಪಂಡಿ! ಆಪಂಡಿ!" ಎನ್ನುತ್ತ ನಿಲ್ಲಿಸಲು ಕೂಗಿಕೊಂಡರು.

"ಮೇಷ್ಟ್ರೇ, ಮಸಾಜು ಹೆಂಗೈತೆ?" ಎಂದು ದಡದಿಂದ ಯಾರೋ ಕೇಳಿದರು.

"ಎಲೆ ಸರಿಯಾಗಿ ಹಾಕಿದ್ರಾ ಅಕ್ಕ?" ಎಂದರು ಭಾಯ್.

"ಬೋಲ್ಟು ಬಿಗಿ ಮಾಡಿದ್ದು ಯಾರು ಭಾಯ್?" ಎಂದೆ ನಾನು.

ದೋಣಿಯನ್ನು ಮತ್ತೆ ಕಲ್ಲಿಗೆ ಏರಿಸಿ, ಬೋಲ್ಟು ಬಿಚ್ಚಿ ಅಳೆದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನೀರಿಗೆ ಬಿಟ್ಟರೆ ನಡುಕ. ಆಡು ಮೇಯಿಸುತ್ತಿದ್ದ ಅಜ್ಜಿಯೊಬ್ಬರು ದೃಷ್ಟಿ ತೆಗೆಯಿರಿ ಎಂದರು. ಮೇಷ್ಟ್ರು ಅವರಿಗೆ ಮೂಢನಂಬಿಕೆಯ ಬಗ್ಗೆ ನಾಲ್ಕು ಮಾತು ಹೇಳಿ, ಆಮೇಲೆ ತಾವೇ ಒಂದು ನಿಂಬೆಹಣ್ಣು ತರಿಸಿ ದೋಣಿಗೆ ನಿವಾಳಿಸಿದರು. ನಿಂಬೆಹಣ್ಣೂ ನಡುಕ ನಿಲ್ಲಿಸಲಿಲ್ಲ.

"ಇರ್ಲಿ ಬಿಡಮ್ಮ, ಬೆಂಗಳೂರಿಗೆ ಫೋನ್ ಮಾಡ್ತೀನಿ" ಎಂದರು ಮೇಷ್ಟ್ರು, ಮೆಲ್ಲಗೆ.

ನಮ್ಮವರ ಕೊನೆಯ ಕೆಲಸವನ್ನು ನಾನೇ ಕೆಡಿಸಿದೆ ಅನ್ನಿಸಿತು. ಮುಖ ಯಾರಿಗೂ ಕಾಣಬಾರದೆಂದು ದೋಣಿಯೊಳಗೆ ಇಂಜಿನ್ನಿನ ಮೇಲೆ ಬಗ್ಗಿದೆ. ಬಗ್ಗಿದ ಮೇಲೆ ಏನಾದರೂ ಮಾಡಬೇಕಲ್ಲ, ನೀರಿನ ಮೇಲೇ ಬೋಲ್ಟು ಬಿಚ್ಚಿ ಎಲೆ ತೂರಿಸಿದೆ. ಮೇಲುಗಡೆ ಎರಡು ಎಲೆ ಸಲೀಸಾಗಿ ಹೋದವು. ದಡದಲ್ಲಿ ಅಲ್ಲಿ ಒಂದೇ ಹೋಗಿತ್ತು.

ಪಂಪ್‌ಸೆಟ್ಟು ಸಿಮೆಂಟಿನ ಕಟ್ಟೆಯ ಮೇಲೆ ಕೂರುತ್ತದೆ, ಕಟ್ಟೆ ಬಾಗುವುದಿಲ್ಲ. ದೋಣಿಯಾದರೆ ಎರಡು ಕಲ್ಲಿನ ನಡುವೆ ಹಳೆಯ ಮಂಚದ ಹಾಗೆ ಜೋತುಬೀಳುತ್ತದೆ. ನೀರಿಗಿಳಿದರೆ ನೀರು ಅಡಿಯಿಂದ ಎತ್ತಿ ಹಿಡಿಯುತ್ತದೆ. ನಾವು ಜೋತುಬಿದ್ದ ದೋಣಿಗೆ ಇಂಜಿನ್ನು ನೇರ ಮಾಡುತ್ತಿದ್ದೆವು.

"ಭಾಯ್, ದಡದಲ್ಲಿ ದೋಣಿ ಬಾಗ್ತಾ ಇದೆ. ನೀರಲ್ಲೇ ಕೂತು ಅಳೀಬೇಕು. ಹತ್ತಿ."

"ದೋಣಿ ಹೆಂಗೆ ಬಾಗುತ್ತೆ ಅಕ್ಕ? ನೀರೇ ಸೊಟ್ಟಗಿರ್ಬೇಕು."

"ಹತ್ತಿ ಭಾಯ್."

ಬಿಸ್ಮಿಲ್ಲಾ ಎಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹತ್ತಿದರು. ದೋಣಿ ಅಲುಗದಂತೆ ಹಿಡಿದುಕೊಳ್ಳಲು ಮೇಷ್ಟ್ರು ಎದೆಮಟ್ಟದ ನೀರಿಗಿಳಿದರು. ಆದರೆ ಅವರಿಗೆ ಸಲಹೆ ಕೊಡುವಾಗ ಕೈ ಎತ್ತುವ ಅಭ್ಯಾಸ. ಕೈ ಎತ್ತಿದಾಗಲೆಲ್ಲ ದೋಣಿ ಅಲುಗಿ ಎಲೆ ಜಾರುತ್ತಿತ್ತು.

ನಾಲ್ಕನೆಯ ಸಲ ಭಾಯ್‌ಗೆ ತಡೆಯಲಾಗಲಿಲ್ಲ. "ಸಾರ್! ಕೈ ಕಟ್, ಬಾಯ್ ಮುಚ್!" ಎಂದು ಗದರಿದರು.

ಮೇಷ್ಟ್ರು ಗಾಬರಿಯಾಗಿ ನಿಜಕ್ಕೂ ಎರಡೂ ಕೈ ಕಟ್ಟಿದರು. ದೋಣಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮೆಲ್ಲಗೆ ಕೆರೆಯ ನಡುವಿಗೆ ಹೊರಟಿತು. ಭಾಯ್ ತಮಗೆ ಗೊತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಯಾರೋ ಹಗ್ಗ ಎಸೆದರು.

ಇಂಜಿನ್ನಿನ ಮುಂದಿನ ಕಾಲುಗಳಡಿ ಎರಡು ಚೂರು ತಗಡು ಸೇರಿಸಿದ ಮೇಲೆ ಸಂದು ಸಮನಾಯಿತು. ಬೋಲ್ಟು ಬಿಗಿದು, ಮೇಷ್ಟ್ರನ್ನು ಹತ್ತಿಸಿಕೊಂಡು ಚಾಲೂ ಮಾಡಿದೆವು. ಮೇಷ್ಟ್ರ ಹಲ್ಲು ಸದ್ದು ಮಾಡಲಿಲ್ಲ. ದೋಣಿ ಹತ್ತುವುದೇ ಇಲ್ಲ ಎಂದಿದ್ದ ಭಾಯ್ ಮೂರು ಸುತ್ತಾದರೂ ಇಳಿಯಲಿಲ್ಲ.

ಈಗ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಭಾಯ್ ಹೇಳುವ ಕಥೆಯಲ್ಲಿ ಕೆರೆ ಸಮುದ್ರದಷ್ಟಿದೆ. ಮೇಷ್ಟ್ರು ಶಾಲೆ ಮಕ್ಕಳಿಗೆ ಹೇಳುವಾಗ ದೋಣಿ ಬಾಗುವುದನ್ನು ಕಂಡುಹಿಡಿದವರು ಮೇಷ್ಟ್ರೇ. ನಾನು ತಕರಾರು ಮಾಡುವುದಿಲ್ಲ. ಅವತ್ತು ಮನೆಗೆ ಬಂದು ಚಪ್ಪಲಿ ಬಿಡುತ್ತಲೇ "ಇವತ್ತೇನಾಯ್ತು ಗೊತ್ತಾ?" ಎಂದುಬಿಟ್ಟಿದ್ದೆ. ಊರಿನವರೆಲ್ಲ ಈ ಕಥೆ ಕೇಳಿದ್ದಾರೆ. ನಮ್ಮವರೊಬ್ಬರು ಕೇಳಿಲ್ಲ.