ಉಳ್ಳಾಗಡ್ಡಿ ಹೊಲದ ದನಿ

ರೇಡಿಯೋದಲ್ಲಿ ಮಾತಾಡುವ ಕೆಲಸ ನನಗೆ ಸಿಕ್ಕಿತೆಂದಾಗ ಮೊರಬದ ನಮ್ಮ ಓಣಿಯಲ್ಲಿ ಯಾರೂ ನಂಬಲಿಲ್ಲ. "ಬಾಯಿ ಮುಚ್ಚು ಅಂದ್ರ ಮುಚ್ಚದಾಕಿಗೆ ಇನ್ನ ಮಾತಾಡಾಕ ಪಗಾರ ಕೊಡ್ತಾರಂತ ನೋಡ್ರಿ" ಎಂದು ನಮ್ಮವ್ವ ಬಂದವರೆದುರೆಲ್ಲ ನಗುತ್ತಿದ್ದಳು. ದಿನಾ ಬಸ್ಸು ಹಿಡಿದು ಧಾರವಾಡಕ್ಕೆ ಹೋಗಿ, ಮಧ್ಯಾಹ್ನ ಹಳ್ಳಿಯವರ ಕಾರ್ಯಕ್ರಮ ನಡೆಸಿ ಬರುವುದೇ ನನ್ನ ಬದುಕಾಯಿತು.

ಆ ಹಾಡುಗಾರ್ತಿಯ ದನಿ ನಾನು ಹುಡುಕಿದ್ದಲ್ಲ. ಉಳ್ಳಾಗಡ್ಡಿ ಬೆಳೆಗಾರರ ಮಾತು ಧ್ವನಿಮುದ್ರಿಸಲು ಯಮನೂರಿಗೆ ಹೋಗಿದ್ದೆ. ಹೊಲದ ಯಜಮಾನರು ಗಡ್ಡೆ ಕೊಳೆಯುವುದರ ಬಗ್ಗೆ ಹೇಳುತ್ತಿದ್ದಾಗ, ಹಿಂದೆ ಕುಳಿತು ಉಳ್ಳಾಗಡ್ಡಿ ಕೊಯ್ಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ತತ್ವಪದ ಎತ್ತಿದಳು. ಇಂಪಾದ ದನಿಯಲ್ಲ. ದಪ್ಪನೆಯ, ಅಲ್ಲಲ್ಲಿ ಒಡೆದ ದನಿ. ಆದರೆ ಹೊಟ್ಟೆಯೊಳಗಿಂದ ಬರುತ್ತಿತ್ತು. ಯಜಮಾನರೇ ಮಾತು ನಿಲ್ಲಿಸಿದರು.

"ಅಕ್ಕಾರ, ನಂದು ಇರ್ಲಿ ಬಿಡ್ರಿ. ಮೊದಲ ಆಕಿದು ಹಿಡೀರಿ."

ಆಕೆ ನಡುವಯಸ್ಸು ದಾಟಿದ ಮುಸಲ್ಮಾನ ಹೆಂಗಸು. ಗಂಡ ತೀರಿಕೊಂಡ ಮೇಲೆ ಕೂಲಿ ಮಾಡಿಯೇ ಮನೆ ನಡೆಸಿದವಳು. ಅವಳ ಅಪ್ಪ ಮಠದ ಭಜನೆಯಲ್ಲೂ ದರ್ಗಾದ ಅಂಗಳದಲ್ಲೂ ಹಾಡುತ್ತಿದ್ದನಂತೆ. ಪದಗಳೆಲ್ಲ ಅವನಿಂದ ಬಂದವು.

ಕೆಲವು ದಿನಗಳ ನಂತರ ಅವಳನ್ನು ಸ್ಟುಡಿಯೋಕ್ಕೆ ಕರೆಸಿದೆ. ಬಾಗಿಲು ಹಾಕಿದೊಡನೆ ಅವಳ ದನಿಯೇ ಹೊರಡದಾಯಿತು. ಎರಡು ಸಲ ಶುರು ಮಾಡಿ ನಿಲ್ಲಿಸಿದಳು.

"ಇಲ್ಲಿ ಯಾರಿಗೆ ಹಾಡ್ಲಿ ಬೇಟಿ? ಗ್ವಾಡಿಗೇನು?" ಎಂದು ಸುತ್ತಲಿನ ಗೋಡೆ ತೋರಿಸಿದಳು.

ಯಂತ್ರದ ಕೆಲಸ ಜೊತೆಯವರಿಗೆ ಬಿಟ್ಟು ಒಳಗೆ ಹೋಗಿ ಅವಳ ಎದುರು ಕುಳಿತೆ. "ನನಗ ಹಾಡ್ರಿ ಅಮ್ಮಾ" ಎಂದೆ.

"ನಿನಗೇನ ಸಂಕಟ ಐತಿ?"

ಅಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಆ ವರ್ಷವೇ ನಮ್ಮಪ್ಪ ತೀರಿಹೋಗಿದ್ದ. ಹಾಗೆಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ದೇಹ ಬಿಟ್ಟ ಜೀವವನ್ನು ತವರಿಗೆ ಹೊರಟ ಮಗಳೆಂದು ಸಮಾಧಾನ ಮಾಡುವ ಪದವೊಂದನ್ನು ಹಾಡಿದಳು. ಸದ್ದಾದರೆ ಮುದ್ರಣ ಕೆಡುತ್ತದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ನಾನು ಅತ್ತೆ.

ಆ ಪದ ಪ್ರಸಾರವಾದ ಮೇಲೆ ಎಲ್ಲ ಕಡೆಯಿಂದ ಫೋನು. ತಂಬೂರು ಎಂಬ ಹಳ್ಳಿಯ ರೈತರೊಬ್ಬರು, "ಅದು ನನ್ನ ಸಲುವಾಗೇ ಹಾಡಿದಂಗ ಐತ್ರೀ" ಎಂದರು. ಹಾಗೆ ಹೇಳಿದವರು ಅವರೊಬ್ಬರೇ ಅಲ್ಲ. ನನಗೆ ಒಳಗೊಳಗೇ ಸಣ್ಣ ಹೊಟ್ಟೆಕಿಚ್ಚು, ಅದು ನನ್ನ ಪದವಲ್ಲವೇ ಎಂದು. ಆಕೆಗೆ ತಿಳಿಸಿದರೆ ನಕ್ಕುಬಿಟ್ಟಳು. "ನಾ ಉಳ್ಳಾಗಡ್ಡಿ ಹೊಲದಾಗ ಕುಂತಿರ್ತೀನಿ, ನನ್ನ ದನಿ ಊರೂರು ತಿರಗತೈತಿ. ಅದಕ್ಕ ಬಸ್ಸಿನ ಚಿಂತಿ ಇಲ್ಲ ನೋಡು."

ವರ್ಷಗಳು ಕಳೆದವು. ಅವಳ ಗಂಟಲಿನಲ್ಲಿ ಗಂಟಾಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ನೋಡಲು ಹೋದಾಗ ಹೊಸ್ತಿಲಲ್ಲೇ ನಿಂತೆ. ಒಳಗೆ ಓಣಿಯ ನಾಲ್ಕಾರು ಹೆಂಗಸರು ಕುಳಿತು ಹಾಡುತ್ತಿದ್ದರು. ಅವಳು ತುಟಿ ಆಡಿಸುತ್ತ, ಉಸಿರು ಹಿಡಿಯಬೇಕಾದಲ್ಲಿ ಅವರ ಬೆನ್ನ ಮೇಲೆ ಕೈಯಿಟ್ಟು ಒತ್ತುತ್ತ ಕಲಿಸುತ್ತಿದ್ದಳು. ಅವರೆಲ್ಲ ಅವಳಂತೆಯೇ ಹಾಡಲು ಗಂಟಲು ದಪ್ಪ ಮಾಡಿಕೊಳ್ಳುತ್ತಿದ್ದರು. ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಪಿಸುಗುಟ್ಟಿದಳು:

"ನನ್ನಂಗ ಹಾಡಬ್ಯಾಡ್ರಿ ಅಂತ ಹೇಳು ಇವ್ರಿಗೆ. ತಮ್ಮ ತಮ್ಮ ಸಂಕಟ ಹಾಡ್ರಿ ಅನ್ನು."

ನಾನು ಗಟ್ಟಿಯಾಗಿ ಹೇಳಿದೆ. ಒಬ್ಬಳು ಹಾಡುವುದನ್ನು ನಿಲ್ಲಿಸಿ ಅತ್ತಳು. ಆಮೇಲೆ ಅವಳು ತನ್ನದೇ ದನಿಯಲ್ಲಿ ಹಾಡಿದ ಬಗೆಯೇ ಬೇರೆ.

ಮುಂದೆ ಆ ಹಾಡುಗಾರ್ತಿ ತೀರಿಹೋದ ಸುದ್ದಿಯನ್ನು ರೇಡಿಯೋದಲ್ಲಿ ಹೇಳುವ ಕೆಲಸ ನನ್ನ ಪಾಲಿಗೇ ಬಂತು. ಅಷ್ಟು ವರ್ಷ "ಈಗ ಹಾಡುತ್ತಾರೆ" ಎಂದು ಹೇಳಿದ ನಾಲಗೆ "ಹಾಡುತ್ತಿದ್ದರು" ಎಂಬಲ್ಲಿ ತಡವರಿಸಿತು. ನಾನು ನಿವೃತ್ತಳಾಗುವವರೆಗೂ ಆ ಪದ ಹಚ್ಚುವಾಗಲೆಲ್ಲ "ಹಾಡುತ್ತಾರೆ" ಎಂದೇ ಹೇಳಿದೆ. ಯಾರೂ ತಿದ್ದಲಿಲ್ಲ.

ಈಗ ಅವಳ ಹಾಡು ನನ್ನ ಮೊಬೈಲಿನಲ್ಲೂ ಇದೆ. ಬೇಕೆಂದಾಗ ಕೇಳಬಹುದು. ಆದರೆ ನಿನಗೇನು ಸಂಕಟ ಎಂದು ಕೇಳಿ ನನ್ನ ಮುಖ ನೋಡಿದ ಆ ಸ್ವಲ್ಪ ಹೊತ್ತು ಯಾವುದರಲ್ಲೂ ಇಲ್ಲ. ನನಗೆ ಬೇಕಾದದ್ದು ಅದು.

ಹೋದ ವರ್ಷ ನವಲಗುಂದದ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಲಗಿಸುತ್ತಿದ್ದಳು. ಬಾಯಲ್ಲಿ ಅದೇ ತವರಿನ ಪದ. ಧಾಟಿ ಬದಲಾಗಿತ್ತು, ಒಂದೆರಡು ಮಾತೂ ಬೇರೆಯಾಗಿದ್ದವು.

"ಇದನ್ನ ಯಾರು ಕಲಿಸಿದ್ರವ್ವಾ?" ಎಂದೆ.

"ನಮ್ಮತ್ತಿ ಹಾಡ್ತಿದ್ಲ್ರಿ. ಆಕಿಗೆ ಯಾರು ಕಲಿಸಿದ್ರೋ ಗೊತ್ತಿಲ್ಲ."

ಅದು ಯಾರ ಪದವೆಂದು ಹೇಳಲು ಬಾಯಿ ತೆರೆದೆ. ಕೂಸಿನ ಕಣ್ಣು ಆಗತಾನೇ ಮುಚ್ಚುತ್ತಿತ್ತು, ತಾಯಿ ಮತ್ತೆ ಹಾಡತೊಡಗಿದ್ದಳು. ಮೊರಬದ ಬಸ್ಸು ಬಂದು ನಿಂತಿತು. ಅದನ್ನು ಹೋಗಲು ಬಿಟ್ಟು, ಅವಳು ಪದ ಮುಗಿಸುವವರೆಗೂ ಅಲ್ಲೇ ಕುಳಿತೆ.