ಕೊನೆಯವನೊಬ್ಬ ಇರಲೇಬೇಕು

ಕಾಮಾಕ್ಷಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು, ಹೇಳುತ್ತಾರೆ. ಆ ಕೋಪ ಯಾಕೆ ಬಂತು ಎಂದು ಕೇಳುವ ವ್ಯವಧಾನ ಮಾತ್ರ ಒಬ್ಬರಿಗೂ ಇಲ್ಲ. ಈಚೆಗೆ ಆ ಮಾತು ಕಿವಿಗೆ ಬಿದ್ದರೆ ನನಗೇ ಮೈ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ಅವಳು ಮೈಸೂರಿನವಳು. ಈಗ ಜಪಾನಿನಲ್ಲಿ, ಗಂಡ, ಮಗಳ ಜೊತೆ ಕೋಟೋ ಎಂಬಲ್ಲಿನ ಎತ್ತರದ ಕಟ್ಟಡವೊಂದರಲ್ಲಿ ಇದ್ದಾಳೆ. ನಾನು ಪಕ್ಕದ ಎಡೋಗಾವಾದಿಂದ ರೈಲಿನಲ್ಲಿ ಅದೇ ಆಫೀಸಿಗೆ ಬರುವ ದುಭಾಷಿ. ಕನ್ನಡ, ಇಂಗ್ಲಿಷ್, ಜಪಾನಿ ಮೂರನ್ನೂ ಅಗಿದು ಹೊಟ್ಟೆ ಹೊರೆಯುವವಳು. ನಮ್ಮ ಕಂಪನಿಯ ಕಸುಬು ಅಪ್ರೈಸಲ್ ಸಾಫ್ಟ್‌ವೇರ್ ಮಾರುವುದು. ವರ್ಷಕ್ಕೊಮ್ಮೆ ನೌಕರರಿಗೆಲ್ಲ ಅಂಕ ಕೊಟ್ಟು, ಮೇಲಿನಿಂದ ಕೆಳಕ್ಕೆ ನಿಲ್ಲಿಸುವ ಯಂತ್ರ. ಎಲ್ಲರೂ ಚೆನ್ನಾಗಿ ಕೆಲಸ ಮಾಡಿದ್ದರೂ ಅದಕ್ಕೆ ಲೆಕ್ಕವಿಲ್ಲ. ಕೆಲವರು ಮೇಲೆ, ಬಹಳ ಮಂದಿ ನಡುವೆ, ಒಂದಿಬ್ಬರು ಕೆಳಗೆ ಇರಲೇಬೇಕು. ಬೆಂಗಳೂರಿನ ಐಟಿಯವರೆಲ್ಲ ಇದನ್ನು ಬೆಲ್ ಕರ್ವ್ ಎಂದು ಕರೆದು ಶಪಿಸುತ್ತಾರೆ, ಆಮೇಲೆ ತಾವು ಮ್ಯಾನೇಜರ್ ಆದಾಗ ಅದನ್ನೇ ಬಳಸುತ್ತಾರೆ. ಹೆರಿಗೆಯ ರಜೆಗೆ ಹೋಗಿ ಬಂದ ವರ್ಷ ಕಾಮಾಕ್ಷಿಯನ್ನೂ ಕೆಳಗೆ ಹಾಕಿದ್ದರು. "ಯಾರಾದ್ರೂ ಒಬ್ರು ಇರ್ಲೇಬೇಕಲ್ಲಮ್ಮಾ, ಪರ್ಸನಲ್ ಆಗಿ ತಗೋಬೇಡ" ಎಂದರಂತೆ. ಅವಳು ಪರ್ಸನಲ್ ಆಗಿಯೇ ತೆಗೆದುಕೊಂಡಳು. ತೆಗೆದುಕೊಳ್ಳದೆ ಇನ್ನೇನು ಮಾಡಬೇಕಿತ್ತು?

ಕಳೆದ ವರ್ಷ ಒಂದು ವೃತ್ತಿಪರ ಐಸ್ ಹಾಕಿ ಕ್ಲಬ್ಬಿನ ಕೆಲಸ ನಮಗೆ ಬಂತು. ಕ್ಲಬ್ಬು ಸಾಕಿಕೊಂಡಿದ್ದ ಹನ್ನೊಂದು ಎಳೆಯ ಆಟಗಾರರಲ್ಲಿ ಯಾರು ಮುಂದೆ ಬರುತ್ತಾರೆ ಎಂದು ಕ್ರಮವಾಗಿ ಹೇಳಬೇಕು. ಕ್ಯಾಮೆರಾ ಎಣಿಸಿದ ಆಟದಿಂದ ಅಂಕ ತೆಗೆಯುವ ಆ ಕೆಲಸ ಕಾಮಾಕ್ಷಿಯ ಪಾಲಿಗೆ ಬಿತ್ತು. ಕಾಮಾಕ್ಷಿ ಹುಟ್ಟಿದಾಗಿನಿಂದ ಐಸ್ ನೋಡಿದ್ದು ಕಬ್ಬಿನ ಹಾಲಿನ ಲೋಟದಲ್ಲಿ ಮಾತ್ರ. ಆದರೂ ವಿಡಿಯೋ ನೋಡಿ ಕೈತೊಳೆದುಕೊಳ್ಳಲಿಲ್ಲ. ವಾರವಾರವೂ ನನ್ನನ್ನು ಎಳೆದುಕೊಂಡು ಹುಡುಗರು ಆಡುವ ಐಸ್ ರಿಂಕ್‌ಗೆ ಹೋದಳು. ಎರಡು ಸ್ವೆಟರ್, ಮೇಲೊಂದು ಕೋಟು, ಕೊಂಬಿನಿ ಅಂಗಡಿಯಿಂದ ತಂದ ಬಿಸಿ ಕಾಫಿ ಡಬ್ಬಿ ಕೈಯಲ್ಲಿ. ಹಲ್ಲು ಕಟಕಟ ಎನ್ನುತ್ತಿದ್ದರೂ ಪ್ರಶ್ನೆ ನಿಲ್ಲುತ್ತಿರಲಿಲ್ಲ.

ಹುಡುಗರನ್ನು ಹುಡುಕಿ ತರುವ ಸ್ಕೌಟ್ ನಿಶಿದಾ ಸಾನ್ ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತಿದ್ದರು. ಒಮ್ಮೆ ಅವರು ಕುದೋ ಎಂಬ ಹುಡುಗನನ್ನು ತೋರಿಸಿದರು. ಉತ್ತರದ ಕುಶಿರೋ ಕಡೆಯವನು, ಇಪ್ಪತ್ತರ ವಯಸ್ಸು, ಹಿಂದೆ ನಿಂತು ತಡೆಯುವ ಆಟಗಾರ. ಪಕ್ ಎನ್ನುವ ರಬ್ಬರ್ ಬಿಲ್ಲೆ ಅವನ ಹತ್ತಿರ ಬರಲೇ ಇಲ್ಲ, ಅವನು ಏನೂ ಮಾಡಿದಂತೆ ನನಗೆ ಕಾಣಲಿಲ್ಲ.

"ಅವನ ಕಡೆಗೆ ಎದುರಾಳಿಗಳು ಪಕ್ ಕಳಿಸುವುದೇ ಇಲ್ಲ, ಗಮನಿಸಿ. ಕಳಿಸಬೇಕು ಅಂದುಕೊಂಡ ಜಾಗದಲ್ಲಿ ಅವನು ಮೊದಲೇ ಹೋಗಿ ನಿಂತಿರುತ್ತಾನೆ" ಎಂದರು ನಿಶಿದಾ ಸಾನ್.

ಕಾಮಾಕ್ಷಿ ನನ್ನ ಕಡೆ ತಿರುಗಿದಳು. "ಆಗದೇ ಇದ್ದದ್ದನ್ನ ಕ್ಯಾಮೆರಾ ಹೆಂಗೆ ಕೌಂಟ್ ಮಾಡತ್ತೆ ಹೇಳು? ಈ ಹುಡುಗನ ಸ್ಕೋರ್ ಕಮ್ಮಿ ಬರತ್ತೆ ಕಣೇ."

ಹಾಗೆಯೇ ಆಯಿತು. ಆದರೆ ಕಮ್ಮಿ ಎಂದರೆ ಎಷ್ಟು? ಕೂದಲೆಳೆಯಷ್ಟು. ಹನ್ನೊಂದೂ ಹುಡುಗರು ಒಬ್ಬರ ಹೆಗಲಿಗೊಬ್ಬರು ತಾಗಿ ನಿಂತಿದ್ದರು. ಇವರ ನಡುವೆ ಹೆಚ್ಚು ವ್ಯತ್ಯಾಸವಿಲ್ಲ, ಯಾರನ್ನೂ ಕ್ಲಬ್ಬಿನಿಂದ ಕೈಬಿಡುವ ಕಾರಣ ಕಾಣುವುದಿಲ್ಲ ಎಂದು ಸ್ಪಷ್ಟವಾಗಿ ಬರೆದು ಅವಳು ತೇಜಸ್ವಿಗೆ ಕಳಿಸಿದಳು. ತೇಜಸ್ವಿ ನಮ್ಮ ಮ್ಯಾನೇಜರ್. ಆ ಮಹಾನುಭಾವ, ನೋಡಲು ಚೆನ್ನಾಗಿರಲಿ ಎಂದು, ಅವಳ ಬರಹವನ್ನು ಕತ್ತರಿಸಿ ಅಂಕಗಳನ್ನು ಮಾತ್ರ ನಮ್ಮ ಅಪ್ರೈಸಲ್ ಟೆಂಪ್ಲೇಟಿಗೆ ಸುರಿದು ಕ್ಲಬ್ಬಿಗೆ ಕಳಿಸಿಬಿಟ್ಟ. ಟೆಂಪ್ಲೇಟ್ ತನ್ನ ಕೆಲಸ ಮಾಡಿತು. ಕೊನೆಯ ಸಾಲಿಗೆ, ಇವನು ಬೇಡ ಎನ್ನುವ ಕೆಂಪು ಬಳಿಯಿತು. ಕೊನೆಯ ಸಾಲು ಕುದೋನದು.

ಬೆಂಗಳೂರಿನಲ್ಲಾಗಿದ್ದರೆ ಆ ಕೆಂಪಿಗೆ ಯಾರೂ ಸೊಪ್ಪು ಹಾಕುತ್ತಿರಲಿಲ್ಲ. ಫೋನು ಬರುತ್ತಿತ್ತು, ಜಗಳವಾಗುತ್ತಿತ್ತು, ಸಂಜೆಯೊಳಗೆ ಹಳದಿಯಾಗುತ್ತಿತ್ತು. ತೇಜಸ್ವಿ ಕಾದದ್ದೂ ಅದಕ್ಕೇ. ಇಲ್ಲಿ ಫೋನು ಬರಲಿಲ್ಲ. ಕಾಗದ ಕ್ಲಬ್ಬಿನಲ್ಲಿ ಮೇಜಿನಿಂದ ಮೇಜಿಗೆ ಹೋಯಿತು, ಒಬ್ಬೊಬ್ಬರೂ ತಲೆದೂಗಿ, ಸಹಿಯ ಬದಲು ತಮ್ಮ ಮುದ್ರೆ ಒತ್ತಿದರು. ನಾವು ಸಭೆಗೆ ಹೋಗುವ ಹೊತ್ತಿಗೆ ಎಲ್ಲ ತೀರ್ಮಾನವಾಗಿತ್ತು. ಇಲ್ಲಿ ಸಭೆಯಲ್ಲಿ ಯಾರೂ ಚರ್ಚೆ ಮಾಡುವುದಿಲ್ಲ. ಆಗಿಹೋದದ್ದಕ್ಕೆ ಕುಳಿತು ವಂದನೆ ಹೇಳುತ್ತಾರೆ.

ಪರದೆಯ ಮೇಲೆ ಆ ಕೆಂಪು ಸಾಲನ್ನು ಕಾಮಾಕ್ಷಿ ಅಲ್ಲೇ ಮೊದಲು ನೋಡಿದಳು. ಎದ್ದು ನಿಂತಳು.

"ಇದ್ದಂಗೇ ಹೇಳು" ಎಂದಳು ನನಗೆ. "ಒಂದು ಮಾತನ್ನೂ ನುಣ್ಣಗೆ ಮಾಡ್ಬೇಡ. ಈ ಕೆಂಪು ಬಣ್ಣ ಆಟ ನೋಡಿ ಬಂದಿದ್ದಲ್ಲ. ಪ್ರಪಂಚದ ಬೆಸ್ಟ್ ಹನ್ನೊಂದು ಜನರನ್ನ ಹಾಕಿದ್ರೂ ನಮ್ಮ ಸಾಫ್ಟ್‌ವೇರ್ ಕೊನೆಯವನಿಗೆ ಕೆಂಪು ಬಳಿಯತ್ತೆ. ನಾವು ಮಾಡಿರೋದೇ ಹಂಗೆ."

"ಕಾಮಾಕ್ಷಿ, ಪ್ಲೀಸ್ ಕೂತ್ಕೊಳಿ. ಆಫ್‌ಲೈನ್ ಮಾತಾಡೋಣ" ಎಂದು ತೇಜಸ್ವಿ ಹಲ್ಲು ಕಚ್ಚಿ ನಕ್ಕ.

"ನೀವು ಸುಮ್ನಿರಿ ತೇಜಸ್ವಿ. ತಿಪ್ಪೆ ಸಾರಿಸಿದ್ದು ಸಾಕು."

ಕೆಂಪಿನ ಮಾತನ್ನು ನಾನು ಇದ್ದ ಹಾಗೇ ಜಪಾನಿಯಲ್ಲಿ ಹೇಳಿದೆ. ಕಾಮಾಕ್ಷಿ ನಿಶಿದಾ ಸಾನ್ ಕಡೆ ತಿರುಗಿ, ನೀವೇ ಅವನನ್ನು ಹೊಗಳಿದ್ದಿರಲ್ಲ, ನೀವು ಯಾಕೆ ಮುದ್ರೆ ಒತ್ತಿದಿರಿ ಎಂದು ಕೇಳಿದಳು.

ಆ ಮನುಷ್ಯ ಮೇಜನ್ನೇ ನೋಡುತ್ತಾ ಹೇಳಿದರು: "ಇಷ್ಟು ದೊಡ್ಡ ಕಂಪನಿ ಕೆಂಪು ಹಾಕಿದೆ. ನನಗೆ ಕಾಣದ್ದು ಏನೋ ನಿಮಗೆ ಕಂಡಿದೆ ಅಂದುಕೊಂಡೆ."

ಕ್ಲಬ್ಬಿನ ನಿರ್ದೇಶಕರು ಎದ್ದು, ಅಮೂಲ್ಯ ಅಭಿಪ್ರಾಯಕ್ಕೆ ವಂದನೆ, ಮುಂದಿನ ವರ್ಷ ಖಂಡಿತ ಪರಿಗಣಿಸುತ್ತೇವೆ ಎಂದು ಬಾಗಿದರು. ಕೈಬಿಟ್ಟಿದ್ದೇವೆ ಎಂದು ಕುದೋಗೆ ಬೆಳಿಗ್ಗೆಯೇ ತಿಳಿಸಿಯಾಗಿತ್ತು. ಒಮ್ಮೆ ತಿಳಿಸಿದ್ದನ್ನು ಹಿಂದಕ್ಕೆ ಪಡೆದರೆ ಮುದ್ರೆ ಒತ್ತಿದವರೆಲ್ಲರಿಗೂ ಅವಮಾನವಂತೆ. ಒಬ್ಬ ಹುಡುಗನ ಬದುಕು ಹಾಳಾದರೂ ಪರವಾಗಿಲ್ಲ, ಏಳೆಂಟು ಗಂಡಸರ ಮುಖ ಕೆಂಪಾಗಬಾರದು. ಇದನ್ನು ಮರ್ಯಾದೆ ಎನ್ನುವವರ ಮೇಲೂ, ಆ ಹಾಳು ಟೆಂಪ್ಲೇಟ್ ಬರೆದ ನಮ್ಮವರ ಮೇಲೂ ನನಗೆ ಇವತ್ತಿಗೂ ಸಿಟ್ಟಿದೆ.

ಕಾಮಾಕ್ಷಿ ತೇಜಸ್ವಿಗಾಗಿ ಕಾಯಲಿಲ್ಲ. ನೇರವಾಗಿ ರಿಂಕ್‌ಗೆ ನಡೆದಳು, ನಾನು ಹಿಂದೆಯೇ ಓಡಿದೆ. ಕುದೋ ಬಾಗಿಲ ಬಳಿ ದೊಡ್ಡ ಚೀಲ ಕಟ್ಟುತ್ತಿದ್ದ. ನಮ್ಮನ್ನು ಕಂಡು ಎದ್ದು ನಿಂತ. ಐಸ್ ಮೇಲೆ ಅಷ್ಟು ಗಟ್ಟಿಯಾಗಿ ನಿಲ್ಲುವ ಹುಡುಗ ಸೊಂಟದವರೆಗೂ ಬಾಗಿ, ಸುಮಿಮಾಸೆನ್, ಕ್ಷಮಿಸಿ, ಇಷ್ಟು ವಾರ ಚಳಿಯಲ್ಲಿ ಕೂತು ನನ್ನ ಆಟ ನೋಡಿದಿರಿ, ನಿಮ್ಮ ಶ್ರಮ ವ್ಯರ್ಥ ಮಾಡಿದೆ ಎಂದ.

ಕಾಮಾಕ್ಷಿ ನನ್ನ ತೋಳು ಹಿಡಿದಳು. "ಹೇಳು ಅವನಿಗೆ. ಅವನ ಆಟದಲ್ಲಿ ಒಂದು ತಪ್ಪೂ ಇಲ್ಲ. ತಪ್ಪು ನಮ್ಮದು, ನಮ್ಮ ಮಷೀನಿಂದು. ಅವನು ಕೆಳಗೆ ಬಂದಿದ್ದು ಯಾರಾದ್ರೂ ಒಬ್ರು ಬರ್ಲೇಬೇಕಿತ್ತು ಅಂತ, ಅಷ್ಟೇ."

ನಾನು ಹೇಳಿದೆ. ಒಂದೊಂದು ಮಾತನ್ನೂ ಹೇಳಿದೆ. ಅವನು ಗಮನವಿಟ್ಟು ಕೇಳಿ ಮೆಲ್ಲಗೆ ನಕ್ಕ. ಸೋತವನಿಗೆ ತಪ್ಪು ನಿನ್ನದಲ್ಲ ಎಂದು ಸಮಾಧಾನ ಹೇಳುವುದು ಇಲ್ಲಿನ ಸೌಜನ್ಯ. ಅದನ್ನು ನಿಜವೆಂದು ಯಾರೂ ನಂಬುವುದಿಲ್ಲ. ಅವನೂ ನಂಬಲಿಲ್ಲ. ಅರಿಗಾತೋ, ವಂದನೆ, ಎಂದು ಮತ್ತೊಮ್ಮೆ ಬಾಗಿದ.

ಆಮೇಲೆ ತಲೆಯೆತ್ತಿ, ಬೇರೆ ಊರಿನ ತಂಡವೊಂದರಲ್ಲಿ ಪ್ರಯತ್ನ ಮಾಡುತ್ತೇನೆ, ಅಷ್ಟರೊಳಗೆ ಯಾವುದನ್ನು ತಿದ್ದಿಕೊಳ್ಳಬೇಕು, ದಯವಿಟ್ಟು ಒಂದೇ ಒಂದು ತಪ್ಪು ಹೇಳಿ ಎಂದು ಅವಳನ್ನು ಕೇಳಿದ.